‘ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ’: ಗಂಡ ಹೆಂಡಿರ ನಡುವೆ ಪಕ್ಕದ ಮನೆ

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ದೊಡ್ಡಪ್ಪನ ಸಂಸಾರ ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿತ್ತು. ಎಂಟು ಮನೆ, ಎರಡು ನಲ್ಲಿ, ಹಿಂದುಗಡೆ ಸಾಲಾಗಿ ಬಚ್ಚಲು. ಬೇಸಿಗೆ ರಜ ಬಂತೆಂದರೆ ನನ್ನ ಠಿಕಾಣಿ ಅಲ್ಲೇ. ಸಂಜೆ ಐದೂವರೆಯಾಯಿತೆಂದರೆ ಕೊನೆ ಮನೆಯಾಕೆ ಅಂಗೈಯಗಲದ ಸ್ಟೀಲ್ ಬಟ್ಟಲು ಹಿಡಿದು ಹೆಪ್ಪಿಗೆ ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎನ್ನುವುದು ಆಕೆಗೂ ಗೊತ್ತು, ದೊಡ್ಡಮ್ಮನಿಗೂ ಗೊತ್ತು. ಹಾಗಾಗಿ ಗಡಿಯಾರ ನೋಡಿದಂತೆ ಬರುತ್ತಿದ್ದರು. ಒಂದು ಚಮಚ ಮೊಸರು ಹಾಕಿಸಿಕೊಳ್ಳುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಆ ವರ್ಷದ ರಜದಲ್ಲಿ ದೊಡ್ಡಪ್ಪ ದೊಡ್ಡಮ್ಮ ಮಾತು ಬಿಟ್ಟಿದ್ದರು. ಜಗಳವಿಲ್ಲ, ಕೂಗಾಟವಿಲ್ಲ. ‘ನಿಮ್ಮ ದೊಡ್ಡಪ್ಪಂಗೆ ಕೇಳು, ಊಟಕ್ಕೆ ಬರ್ತಾರಂತಾ’ ಎಂದು ದೊಡ್ಡಮ್ಮ ನನಗೆ ಹೇಳುವುದು, ಮೂರು ಹೆಜ್ಜೆಯಾಚೆ ಪೇಪರು ಹಿಡಿದು ಕೂತವರಿಗೆ ನಾನು ಅದನ್ನೇ ಒಪ್ಪಿಸುವುದು. ನನಗೆ ಅದೊಂದು ಆಟದಂತೆ ಕಾಣುತ್ತಿತ್ತು. ಏನಾಗಿತ್ತು ಎನ್ನುವುದು ಗೊತ್ತಾಗಿದ್ದು ವರ್ಷಗಳಾದ ಮೇಲೆ, ದೊಡ್ಡಮ್ಮನೇ ಹೇಳಿದಾಗ. ಹೆಪ್ಪಿಗೆ ಬಂದಾಕೆ ಒಂದು ಸಂಜೆ, ‘ನಿಮ್ಮನೆಯವರು ತಿಂಗಳು ತಿಂಗಳೂ ತಂಗಿಗೆ ಮನಿಯಾರ್ಡರ್ ಮಾಡ್ತಾರಂತೆ ಕಣ್ರೀ, ಪೋಸ್ಟಾಫೀಸಲ್ಲಿ ನಮ್ಮನೆಯವರು ನೋಡಿದ್ರಂತೆ’ ಎಂದಿದ್ದರು. ಅದೇ ವಾರ ನಲ್ಲಿಯ ಹತ್ತಿರ ದೊಡ್ಡಪ್ಪನಿಗೆ, ‘ಪಾಪ, ನಿಮ್ಮನೇಲಿ ಹೇಳಿಕೊಂಡು ಅಳ್ತಿದ್ರು, ನಿಮ್ಮ ಸಂಬಳದಲ್ಲಿ ಮನೆ ತೂಗಿಸೋದು ಆಗ್ತಿಲ್ಲವಂತೆ’ ಎಂದಿದ್ದರು. ಎರಡು ಮಾತಿಗೂ ಒಂದೇ ಬಾಲ: ‘ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ.’

ಈಗ ಯೋಚಿಸಿದರೆ ಕುತೂಹಲವೆನಿಸುವುದು ಒಂದೇ. ಆಕೆ ಹೇಳಿದ ಎರಡೂ ನಿಜ. ದೊಡ್ಡಪ್ಪ ತಂಗಿಗೆ ಗುಟ್ಟಾಗಿ ಹಣ ಕಳಿಸುತ್ತಿದ್ದರು. ಸಂಬಳ ಸಾಲದು ಎಂದು ದೊಡ್ಡಮ್ಮ ಯಾರ ಹತ್ತಿರವೋ ಅಂದಿದ್ದರು, ಅತ್ತಿದ್ದೊಂದು ಮಾತ್ರ ಒಗ್ಗರಣೆ.

ಈ ಕೆಲಸಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಚಾಡಿ ಹೇಳುವುದು, ಕಿವಿ ಊದುವುದು, ಹುಳಿ ಹಿಂಡುವುದು, ಕಡ್ಡಿ ಆಡಿಸುವುದು, ಬತ್ತಿ ಇಡುವುದು, ಈಚಿನವರ ಬಾಯಲ್ಲಿ ಫಿಟಿಂಗ್ ಇಡುವುದು. ಇವುಗಳಲ್ಲಿ ನನಗೆ ಬಹಳ ನಿಖರ ಎನಿಸುವ ಮಾತು ‘ತಂದಿಡುವುದು’. ಆ ಮಾತಿನೊಳಗೆ ಸುಳ್ಳಿನ ಸುಳಿವೇ ಇಲ್ಲ. ಅಲ್ಲಿದ್ದದ್ದನ್ನು ಎತ್ತಿ ಇಲ್ಲಿಗೆ ತಂದು ಇಡುವುದು, ಅಷ್ಟೆ. ಎಲ್ಲಿಂದ ಎತ್ತಬೇಕು, ಯಾವ ಹೊತ್ತಿನಲ್ಲಿ ಇಡಬೇಕು, ಯಾರ ಮುಂದೆ ಇಡಬಾರದು ಎನ್ನುವುದರಲ್ಲೇ ಕಸುಬು. ಟೀವಿ ಧಾರಾವಾಹಿಯ ಪಕ್ಕದ ಮನೆಯವಳು ಹುಬ್ಬೇರಿಸಿ, ಹಿನ್ನೆಲೆ ಸಂಗೀತದ ಜೊತೆ ಪಿತೂರಿ ಮಾಡುತ್ತಾಳೆ. ನಿಜದಲ್ಲಿ ಬರುವವರ ಕೈಯಲ್ಲಿ ಚಕ್ಕುಲಿ ಡಬ್ಬಿ ಇರುತ್ತದೆ, ಮಗುವಿಗೆ ಜ್ವರ ಬಂದರೆ ಆಟೋ ಹಿಡಿದು ಆಸ್ಪತ್ರೆಗೆ ಬರುವವರೂ ಅವರೇ ಆಗಿರುತ್ತಾರೆ. ಅನುಮಾನ ಬಾರದಿರುವುದು ಅದಕ್ಕೇ.

ಈ ಕಸುಬಿನ ಒಳಗುಟ್ಟನ್ನು ಬಹಳ ಹಿಂದೆಯೇ ಬಿಡಿಸಿಟ್ಟ ಜನಪದ ಕತೆಯೊಂದಿದೆ. ಯುರೋಪಿನಿಂದ ಅರಬ್ ನಾಡುಗಳವರೆಗೆ ಬೇರೆ ಬೇರೆ ವೇಷದಲ್ಲಿ ಓಡಾಡಿದ ಕತೆ. ಜನಪದ ಕತೆಗಳನ್ನು ಅಂತರರಾಷ್ಟ್ರೀಯವಾಗಿ ವರ್ಗೀಕರಿಸಿರುವ ಪಟ್ಟಿಯಲ್ಲಿ ಇದರ ಸಂಖ್ಯೆ 1353. ಅನ್ಯೋನ್ಯವಾಗಿದ್ದ ಗಂಡ ಹೆಂಡತಿಯನ್ನು ಅಗಲಿಸಲು ಸೈತಾನ ವರ್ಷಗಟ್ಟಲೆ ತಿಣುಕಿ ಸೋಲುತ್ತಾನೆ. ಒಬ್ಬ ಮುದುಕಿ ಬಂದು, ಒಂದು ಜೊತೆ ಮೆಟ್ಟು ಕೊಡಿಸಿದರೆ ತಾನು ಮಾಡಿ ತೋರಿಸುತ್ತೇನೆ ಎನ್ನುತ್ತಾಳೆ. ಹೆಂಡತಿಯ ಬಳಿ ಹೋಗಿ, ‘ಗಂಡ ಮಲಗಿದಾಗ ಗಂಟಲ ಬಳಿಯ ಗಡ್ಡದ ನಾಲ್ಕು ಕೂದಲು ಕತ್ತಿಯಿಂದ ತೆಗೆದಿಟ್ಟುಕೋ, ಅವನ ಪ್ರೀತಿ ಎಂದೂ ಕಡಮೆಯಾಗುವುದಿಲ್ಲ’ ಎನ್ನುತ್ತಾಳೆ. ಗಂಡನ ಬಳಿ ಹೋಗಿ, ‘ಈ ರಾತ್ರಿ ನಿದ್ದೆ ಬಂದವನಂತೆ ನಟಿಸು, ನಿನ್ನ ಹೆಂಡತಿ ನಿನ್ನ ಗಂಟಲು ಕುಯ್ಯಲಿದ್ದಾಳೆ’ ಎನ್ನುತ್ತಾಳೆ. ರಾತ್ರಿ ಅವನು ಅರೆಗಣ್ಣು ಬಿಟ್ಟು ನೋಡುತ್ತಾನೆ. ಕೈಯಲ್ಲಿ ಕತ್ತಿ ಹಿಡಿದು ಹೆಂಡತಿ ಬಗ್ಗುತ್ತಿದ್ದಾಳೆ. ಮುಂದಿನದನ್ನು ಹೇಳಬೇಕಾಗಿಲ್ಲ. ಕತೆಯ ಕೊನೆಯಲ್ಲಿ ಸೈತಾನ ಮಾತಿಗೆ ತಪ್ಪದೆ ಮೆಟ್ಟು ತಂದುಕೊಡುತ್ತಾನೆ, ಆದರೆ ಮುದುಕಿಯ ಹತ್ತಿರ ಹೋಗಲು ಹೆದರಿ ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ ದೂರದಿಂದಲೇ ಚಾಚುತ್ತಾನೆ. (ಈ ಕೆಲಸಕ್ಕೆ ಎಲ್ಲ ದೇಶದ ಕತೆಗಾರರೂ ಮುದುಕಿಯನ್ನೇ ಹುಡುಕಿಕೊಂಡಿದ್ದು ಯಾಕೋ. ನಾನು ಕಂಡ ಗಂಡಸರು ಇದರಲ್ಲಿ ಯಾರಿಗೂ ಕಡಮೆಯಿಲ್ಲ. ಬೀಡಾ ಅಂಗಡಿಯ ಮುಂದೆ ನಿಂತು ‘ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ ಗುರು’ ಎನ್ನುವ ಗೆಳೆಯನೂ ಇದೇ ಕುಲ.)

ಆ ಗಂಡ ಮೋಸ ಹೋಗಿದ್ದು ಹಿತ್ತಾಳೆ ಕಿವಿಯವನಾದ್ದರಿಂದ ಮಾತ್ರವಲ್ಲ. ಅವನು ಕಣ್ಣಾರೆ ಕಂಡ. ಒಂದೇ ಕತ್ತಿಗೆ ಮುದುಕಿ ಎರಡು ಅರ್ಥ ಅಂಟಿಸಿಟ್ಟಿದ್ದಳು, ಇಬ್ಬರಿಗೂ ತಮ್ಮ ತಮ್ಮ ಅರ್ಥ ಮಾತ್ರ ಗೊತ್ತಿತ್ತು. ‘ಆ ಮುದುಕಿ ನಿನಗೇನು ಹೇಳಿದಳು’ ಎಂದು ಸಂಜೆ ಊಟದ ಹೊತ್ತಿಗೆ ಒಬ್ಬರು ಇನ್ನೊಬ್ಬರನ್ನು ಕೇಳಿದ್ದರೆ ಕತೆಯೇ ಇಲ್ಲ. ಕೇಳದಂತೆ ಮಾಡುವುದೇ ‘ನಾನು ಹೇಳಿದೆ ಅಂತ ಹೇಳ್ಬೇಡಿ’ ಎಂಬ ಕರಾರು. ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಜಿಮೆಲ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇದನ್ನು ಗುರುತಿಸಿದ್ದ. ಇಬ್ಬರಿದ್ದಲ್ಲಿಗೆ ಮೂರನೆಯವರು ಸೇರಿದ ಕೂಡಲೇ ಸಂಬಂಧದ ಗುಣವೇ ಬದಲಾಗುತ್ತದೆ ಎಂದ. ಆ ಮೂರನೆಯವರು ಇಬ್ಬರನ್ನೂ ಕೂಡಿಸುವ ಪಂಚರಾಗಬಹುದು, ಇಬ್ಬರ ಜಗಳದಲ್ಲಿ ಲಾಭ ಪಡೆದು ನಗುವವರಾಗಬಹುದು, ಲಾಭಕ್ಕಾಗಿ ಜಗಳವನ್ನೇ ಹುಟ್ಟಿಸುವವರೂ ಆಗಬಹುದು.

ಲಾಭ ಏನು ಅಂದರೆ ಉತ್ತರ ಒಂದೇ ಅಲ್ಲ. ಆ ದಂಪತಿಯಲ್ಲಿ ಒಬ್ಬರು ತಮಗೆ ಬೇಕಾಗಿರಬಹುದು. ಕಾಂಪೌಂಡು ಗೋಡೆ, ಬದುವಿನ ತೆಂಗಿನಮರ, ಕಾರು ನಿಲ್ಲಿಸುವ ಜಾಗದ ಹಳೇ ಜಗಳ ಇರಬಹುದು. ಎದುರು ಮನೆಯ ನಗು ಕೇಳಿ ತಮ್ಮ ಮನೆಯ ಮೌನ ಸಹಿಸಲಾಗದೆ ಇರಬಹುದು. ಎಷ್ಟೋ ಸಲ ಇದ್ಯಾವುದೂ ಅಲ್ಲ. ಎರಡು ಮನೆಯ ಕೀಲಿಕೈ ತಮ್ಮ ಸೆರಗಿನಲ್ಲಿದೆ ಎಂಬ ಹೆಚ್ಚುಗಾರಿಕೆಯೇ ಸಾಕಾಗಿರುತ್ತದೆ. ಕೊನೆ ಮನೆಯಾಕೆಗೆ ನಮ್ಮ ದೊಡ್ಡಪ್ಪನ ಸಂಸಾರ ಮುರಿದು ಆಗಬೇಕಾದ್ದೇನೂ ಇರಲಿಲ್ಲ ಎಂದು ಈಗಲೂ ನಂಬಿದ್ದೇನೆ.

ವಠಾರಗಳು ಹೋದವು, ಅವುಗಳ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದವು. ಬಾಗಿಲು ಮುಚ್ಚಿದರೆ ಪಕ್ಕದವರ ಹೆಸರೂ ಗೊತ್ತಿಲ್ಲ ಎನ್ನುವುದು ಅರ್ಧ ನಿಜ. ಗೇಟಿನ ಆ್ಯಪಿನಲ್ಲಿ ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಎನ್ನುವುದು ದಾಖಲಾಗುತ್ತದೆ, ಕಾರಿಡಾರಿನಲ್ಲಿ ಕ್ಯಾಮೆರಾ, ಬ್ಲಾಕಿಗೊಂದು ವಾಟ್ಸ್ಆ್ಯಪ್ ಗ್ರೂಪು. ನಲ್ಲಿಕಟ್ಟೆಯ ಮಾತು ಗಾಳಿಗೆ ಹೋಗುತ್ತಿತ್ತು, ಈಗ ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ. ಅದರ ಮೇಲಿನ ಎರಡು ಸಾಲು, ಕೆಳಗಿನ ಮೂರು ಸಾಲು ಕತ್ತರಿಸಿ ಕಳಿಸಿದರೆ ‘ಊಟ ಆಯ್ತಾ’ ಎನ್ನುವುದೂ ಬೇರೆ ಅರ್ಥ ಕೊಡುತ್ತದೆ. ಹಿಂದೆ ಮೂಕರ್ಜಿ ಬರೆಯುವವರು ಎಡಗೈಯಲ್ಲಿ ಬರೆದು ಬೇರೆ ಊರಿನಲ್ಲಿ ಪೋಸ್ಟ್ ಮಾಡಿ ಬರಬೇಕಿತ್ತು. ಈಗ ಹೊಸ ಸಿಮ್ ಒಂದು ಸಾಕು.

ಮೂಕರ್ಜಿಗೆ ದೂರವೇ ಗೊಬ್ಬರ. ಕರಾವಳಿಯಲ್ಲಿ ಗಂಡ ಗಲ್ಫಿನಲ್ಲಿ, ಹೆಂಡತಿ ಊರಿನಲ್ಲಿ ಇರುವ ಸಂಸಾರಗಳು ತಲೆಮಾರಿನಿಂದ ಇವೆ. ಕೊಡಗಿನಲ್ಲಿ ಸೈನಿಕರ ಮನೆಗಳು ಹಾಗೆಯೇ. ಅಂಥ ಕಡೆ ‘ನಿಮ್ಮ ಮನೆ ಮುಂದೆ ದಿನಾ ಒಂದು ಬೈಕ್ ನಿಂತಿರ್ತದೆ’ ಎಂಬ ಒಂದು ಸಾಲಿಗೆ ಸಾವಿರಾರು ಮೈಲಿಯಾಚೆ ಒಬ್ಬನ ತಿಂಗಳ ನಿದ್ದೆ ಹೋಗುತ್ತದೆ. ಬೈಕು ನಿಂತಿದ್ದೂ ನಿಜವಿರುತ್ತದೆ, ಕೇಬಲ್ಲಿನವನದೋ ಟ್ಯೂಷನ್ ಮೇಷ್ಟ್ರದ್ದೋ.

ಸರಿ, ಇಂಥವರನ್ನು ಕಾನೂನು ಏನು ಮಾಡೀತು? ಸಿಟ್ಟಿನಲ್ಲಿ ಠಾಣೆಗೆ ಹೋಗುವವರು ಮೊದಲು ಹೇಳುವುದು 498ಎ. ಹೆಂಡತಿಗೆ ಕೊಡುವ ಹಿಂಸೆಯನ್ನು ಅಪರಾಧವೆನ್ನುವ, ಭಾರತೀಯ ದಂಡ ಸಂಹಿತೆಯ ಆ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಆಗಿದೆ. ಮೂರು ವರ್ಷದವರೆಗೆ ಜೈಲು, ದಂಡ. ಆದರೆ ಅದು ಹಿಡಿಯುವುದು ‘ಗಂಡ ಅಥವಾ ಗಂಡನ ಸಂಬಂಧಿ’ಯನ್ನು ಮಾತ್ರ. ಸಂಬಂಧಿ ಎಂದರೆ ರಕ್ತದಿಂದ, ಮದುವೆಯಿಂದ ಅಥವಾ ದತ್ತಕದಿಂದ ಆದ ನಂಟು ಇರಬೇಕು, ಗಂಡನ ಗೆಳತಿ ಆ ಪದದೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿತು. ಪಕ್ಕದ ಮನೆಯಾಕೆ ಗಂಡನಿಗೆ ಚಿತಾವಣೆ ಕೊಟ್ಟು ಹಿಂಸೆ ಮಾಡಿಸಿದಳು ಎಂಬ ದೂರೊಂದು ಇತ್ತೀಚೆಗೆ ಕರ್ನಾಟಕ ಹೈಕೋರ್ಟಿನ ಮುಂದೆಯೂ ಬಂತು. ನೆರೆಯವರು ಕುಟುಂಬದ ಸದಸ್ಯರಲ್ಲ, ಈ ಸೆಕ್ಷನ್ನಿನಡಿ ಅವರನ್ನು ಎಳೆತರಲಾಗದು ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಆಕೆಯ ಮೇಲಿನ ಮೊಕದ್ದಮೆಯನ್ನು ರದ್ದು ಮಾಡಿತು.

ಇದರಲ್ಲಿ ಅನ್ಯಾಯ ಕಾಣುವವರಿದ್ದಾರೆ. ನನಗೆ ಕಾಣುವುದಿಲ್ಲ. ಹೊಡೆದ ಕೈ ಗಂಡನದು. ‘ಪಕ್ಕದವರು ಹೇಳಿಕೊಟ್ಟರು’ ಎನ್ನುವುದನ್ನು ಒಪ್ಪಿಕೊಂಡರೆ ಅವನ ಪಾಲು ಅಷ್ಟರಮಟ್ಟಿಗೆ ಹಗುರಾಗುತ್ತದೆ. ನೆರೆಹೊರೆಯ ಜಗಳವನ್ನು ಕ್ರಿಮಿನಲ್ ತಕ್ಕಡಿಯಲ್ಲಿ ತೂಗುವಾಗ ನ್ಯಾಯಾಲಯಗಳು ತೋರುವ ಹಿಂಜರಿಕೆ ಬೇರೆಡೆಯೂ ಕಾಣುತ್ತದೆ. ಕಲಬುರಗಿಯಲ್ಲಿ 2008ರಲ್ಲಿ ನೆರೆಮನೆಯವರ ಕಾದಾಟದ ನಂತರ ಯುವತಿಯೊಬ್ಬಳು ಜೀವ ಕಳೆದುಕೊಂಡ ಪ್ರಕರಣದಲ್ಲಿ, ಆತ್ಮಹತ್ಯೆಗೆ ಪ್ರಚೋದನೆ ನೀಡಿದ ಆರೋಪದಿಂದ ನೆರೆಯಾಕೆಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಖುಲಾಸೆ ಮಾಡಿತು. ನೆರೆಯವರ ಜಗಳ ಮನುಷ್ಯರು ಕೂಡಿ ಬಾಳಲು ಶುರುಮಾಡಿದಷ್ಟೇ ಹಳೆಯದು ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ 497ನೇ ಸೆಕ್ಷನ್ 2018ರ ಸೆಪ್ಟೆಂಬರ್ 27ರಂದು ಬಿದ್ದುಹೋಯಿತು. ಹೆಂಡತಿ ಗಂಡನ ಸ್ವತ್ತಲ್ಲ ಎನ್ನುವುದು ಆ ತೀರ್ಪಿನ ತಿರುಳು. ತಮಾಷೆಯೆಂದರೆ ಅದರ ಪಕ್ಕದಲ್ಲೇ ಇದ್ದ 498, ಅಂದರೆ ವಿವಾಹಿತ ಮಹಿಳೆಯನ್ನು ಅಕ್ರಮ ಸಂಬಂಧದ ಉದ್ದೇಶದಿಂದ ಪುಸಲಾಯಿಸಿ ಕರೆದೊಯ್ಯುವ ಅಪರಾಧ, ಹೊಸ ಸಂಹಿತೆಯಲ್ಲೂ 84ನೇ ಸೆಕ್ಷನ್ ಆಗಿ ಉಳಿದುಕೊಂಡಿದೆ. ಎರಡು ವರ್ಷದವರೆಗೆ ಜೈಲು. ಗಂಡನನ್ನು ಪುಸಲಾಯಿಸಿ ಕರೆದೊಯ್ದರೆ ಇದು ಅನ್ವಯಿಸುವುದಿಲ್ಲ. ಯಾರು ಯಾರ ಸ್ವತ್ತು ಎಂಬ ಹಳೇ ಲೆಕ್ಕ ಇನ್ನೂ ಪೂರ್ತಿ ಅಳಿಸಿಲ್ಲ ಅನ್ನಿ.

ಸಿವಿಲ್ ದಾರಿಯಲ್ಲಿ ಒಂದು ಬಾಗಿಲು ಅರ್ಧ ತೆರೆದಿದೆ. ಮೂರನೆಯವರು ಬೇಕೆಂದೇ ನಡುವೆ ಬಂದು ಸಂಗಾತಿಯ ಪ್ರೀತಿಯನ್ನು ಕಸಿದರೆ ಅವರಿಂದ ಪರಿಹಾರ ಕೇಳುವ ‘ಏಲಿಯನೇಷನ್ ಆಫ್ ಅಫೆಕ್ಷನ್’ ಎಂಬ ದಾವೆ ಇಂಗ್ಲೆಂಡ್, ಅಮೆರಿಕದ ಕಾನೂನು ಪರಂಪರೆಯಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಈ ಬಗೆಯ ದಾವೆಗಳಿಗೆ 1970ರಲ್ಲೇ ತೆರೆಬಿತ್ತು. ಅಮೆರಿಕದ ಹೆಚ್ಚಿನ ರಾಜ್ಯಗಳೂ ಕೈಬಿಟ್ಟಿವೆ, ನಾರ್ತ್ ಕೆರೊಲಿನಾದಂಥ ಕೆಲವೇ ಕಡೆ ಉಳಿದಿದೆ. ರ‍್ಯಾಲಿ, ಷಾರ್ಲೆಟ್ ನಗರಗಳ ಕಡೆ ನೆಲೆಸಿರುವ ಕನ್ನಡಿಗರು ಇದನ್ನು ತಿಳಿದಿದ್ದರೆ ಒಳ್ಳೆಯದು, ಅಲ್ಲಿ ಮೊತ್ತ ದೊಡ್ಡದಿರುತ್ತದೆ. ನಮ್ಮಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಈ ತತ್ವವನ್ನು ಚರ್ಚಿಸಿ, ಹೊರಗಿನವರು ಬೇಕೆಂದೇ ಹೀಗೆ ಮಾಡಿದರೆ ಅದು ಸಿವಿಲ್ ತಪ್ಪು ಎಂದಿತ್ತು. ದೆಹಲಿ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಗಂಡನ ಗೆಳತಿಯ ಮೇಲೆ ಹೆಂಡತಿ ಹೂಡಿದ ಪರಿಹಾರದ ದಾವೆಯನ್ನು ಸಿವಿಲ್ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಸಮನ್ಸ್ ಹೊರಡಿಸಿತು. ಗೆದ್ದರು ಎಂದು ಅರ್ಥವಲ್ಲ. ಪ್ರತಿವಾದಿ ಉದ್ದೇಶಪೂರ್ವಕವಾಗಿ, ತಪ್ಪು ರೀತಿಯಲ್ಲಿ ನಡೆದುಕೊಂಡರು, ಆ ನಡತೆಯಿಂದಲೇ ಸಂಸಾರ ಕೆಟ್ಟಿತು, ಅದರ ನಷ್ಟವನ್ನು ಅಳೆಯಬಹುದು, ಇಷ್ಟನ್ನೂ ಸಾಬೀತು ಮಾಡಬೇಕು.

ನಡುವಿನದೇ ಕಬ್ಬಿಣದ ಕಡಲೆ. ಆ ನಡತೆಯಿಂದಲೇ ಕೆಟ್ಟಿತು ಎನ್ನಲು ಅದಕ್ಕೆ ಮುಂಚೆ ಚೆನ್ನಾಗಿತ್ತು ಎಂದು ತೋರಿಸಬೇಕು. ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಯೇ ಅದು. ಕಟಕಟೆಯಲ್ಲಿ ನಿಂತು ದೊಡ್ಡಮ್ಮ ಇದಕ್ಕೆ ಏನೆನ್ನುತ್ತಿದ್ದರು? ಗಂಡ ಹಣದ ವಿಷಯ ಮುಚ್ಚಿಟ್ಟಿದ್ದ, ತಾನು ಸಂಬಳದ ವಿಷಯ ಬೀದಿಗೆ ತಂದಿದ್ದೆ. ಹುಳಿ ಬೀಳುವ ಮುಂಚೆಯೇ ಹಾಲು ಅಷ್ಟೇನೂ ತಾಜಾ ಇರಲಿಲ್ಲ. ಊರವರೆಲ್ಲ ‘ಪಕ್ಕದವರಿಂದ ಸಂಸಾರ ಹಾಳಾಯಿತು’ ಎನ್ನುವ ಮನೆಗಳಲ್ಲಿ ಬಿರುಕು ಯಾವಾಗಿಂದ ಇತ್ತು ಎಂದು ಹುಡುಕುತ್ತ ಹೋದರೆ, ಪಕ್ಕದವರು ಬಾಡಿಗೆಗೆ ಬಂದ ದಿನಕ್ಕಿಂತ ಹಿಂದೆಯೇ ಹೋಗಿ ನಿಲ್ಲುತ್ತದೆ. ಎರಡೂ ಕಡೆ ಬೀಗರಿಗೆ ನೆರೆಯವರ ಮೇಲೆ ಹೊರಿಸುವುದು ಅನುಕೂಲ. ತಮ್ಮ ಮಗ, ತಮ್ಮ ಮಗಳು ಇಬ್ಬರೂ ಒಳ್ಳೆಯವರಾಗಿಯೇ ಉಳಿಯುತ್ತಾರಲ್ಲ.

ಇನ್ನು ಮಾನಹಾನಿ. ಹೆಂಡತಿಯ ಶೀಲದ ಬಗ್ಗೆ ನೆರೆಯವರು ಗಂಡನ ಕಿವಿಯಲ್ಲಿ ಹೇಳಿದರೂ ಅದು ಮೂರನೆಯ ವ್ಯಕ್ತಿಗೆ ಹೇಳಿದ ಲೆಕ್ಕವೇ. ನ್ಯಾಯ ಸಂಹಿತೆಯ 356ರ ಅಡಿ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವ ಅಪರಾಧವಲ್ಲ ಇದು, ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಸಾಕ್ಷಿ ಯಾರು? ಗಂಡ. ‘ಹೌದು ಸ್ವಾಮಿ, ಇವರೇ ನನಗೆ ಹೇಳಿದ್ದು’ ಎಂದು ಅವನು ಹೆಂಡತಿಯ ಪರವಾಗಿ ನಿಂತು ಹೇಳಬೇಕು. ಅಷ್ಟು ಒಟ್ಟಿಗೆ ನಿಲ್ಲುವ ಗಂಡ ಹೆಂಡತಿಗೆ ಕೇಸು ಬೇಕಾಗುವುದೇ ಇಲ್ಲ. ಬೆದರಿಕೆಯ ಮೂಕರ್ಜಿಗೆ 351, ಬೇರೆಯವರ ಹೆಸರು, ಫೋಟೊ ಇಟ್ಟು ನಕಲಿ ಖಾತೆ ತೆರೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಇವೆ. ಇಲ್ಲಿ ಗುರುತು ಹಿಡಿಯುವುದು ಅಷ್ಟು ಕಷ್ಟವಲ್ಲ. ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಸ್ಕ್ರೀನ್‌ಶಾಟ್ ಜೊತೆಗೆ ಖಾತೆಯ ಲಿಂಕನ್ನೂ ಒಯ್ಯಬೇಕು, ಡಿಲೀಟ್ ಮಾಡಿ ಹೋದರೆ ಪ್ರಯೋಜನವಿಲ್ಲ.

ತಂದಿಟ್ಟವರು ಹೀಗೆ ಬಹುಪಾಲು ದಡದ ಮೇಲೇ ಉಳಿಯುತ್ತಾರೆ. ಕೆಸರಿಗೆ ಬೀಳುವವರು ತಂದಿಟ್ಟದ್ದನ್ನು ಎತ್ತಿಕೊಂಡವರು. ವಿಚ್ಛೇದನದ ಅರ್ಜಿಯಲ್ಲೋ ಆಕ್ಷೇಪಣೆಯಲ್ಲೋ ಸಂಗಾತಿಯ ಶೀಲದ ಮೇಲೆ ಆಧಾರವಿಲ್ಲದ ಆರೋಪ ಬರೆದರೆ ಆ ಬರಹವೇ ಮಾನಸಿಕ ಕ್ರೌರ್ಯ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ‘ಎದುರು ಮನೆಯವರು ಹೇಳಿದರು’ ಎಂದು ವಕೀಲರಿಗೆ ಹೇಳಿ ಬರೆಸಿದವನು ಕೊನೆಗೆ ತಾನೇ ಕ್ರೂರಿ ಎನಿಸಿಕೊಂಡು ಹೊರಬರುತ್ತಾನೆ. ಈಚೆಗೆ ಹಿತೈಷಿಗಳ ಬಾಯಲ್ಲಿ ಓಡಾಡುತ್ತಿರುವ ಇನ್ನೊಂದು ಬುದ್ಧಿವಾದ ‘ಎಲ್ಲ ರೆಕಾರ್ಡ್ ಮಾಡಿಟ್ಕೊ’. ದಂಪತಿಯ ನಡುವಿನ ವ್ಯಾಜ್ಯದಲ್ಲಿ ಗುಟ್ಟಾಗಿ ಮಾಡಿದ ಫೋನ್ ರೆಕಾರ್ಡಿಂಗನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದಕ್ಕೆ ಬಲ ಬಂದಿದೆ. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತಕ್ಕೆ ಬಂದಿದ್ದರೆ ಆ ಸಂಬಂಧ ಮೊದಲೇ ಕೆಟ್ಟಿದೆ ಎಂದೇ ಅರ್ಥ ಎಂದೂ ಅದೇ ನ್ಯಾಯಾಲಯ ಹೇಳಿತು. ಹಿತೈಷಿಗಳು ಈ ಭಾಗವನ್ನು ಹೇಳುವುದಿಲ್ಲ.

ಕಾನೂನಿನಿಂದ ಆಗದ್ದು ಮಂತ್ರದಿಂದ ಆದೀತು ಎನ್ನುವವರ ಅಂಗಡಿ ಬೇರೆ ಇದೆ. ಬಸ್ ನಿಲ್ದಾಣದ ಮೂತ್ರಾಲಯದ ಗೋಡೆ, ಸಿಟಿ ಬಸ್ಸಿನ ಸೀಟಿನ ಹಿಂಭಾಗ, ಪೇಪರಿನ ವರ್ಗೀಕೃತ ಜಾಹೀರಾತು, ಎಲ್ಲಿ ನೋಡಿದರೂ ಅದೇ ಸಾಲು: ‘ಗಂಡ ಹೆಂಡತಿ ಕಲಹ, ಸ್ತ್ರೀ ಪುರುಷ ವಶೀಕರಣ, ಶತ್ರು ನಾಶ, ಫೋನಿನಲ್ಲೇ ಪರಿಹಾರ.’ ಒಂದೇ ಮನುಷ್ಯ ಕೂಡಿಸುವುದನ್ನೂ ಮಾಡುತ್ತಾನೆ, ಅಗಲಿಸುವುದನ್ನೂ ಮಾಡುತ್ತಾನೆ. ಅಲ್ಲಿಗೆ ಹೋದವರಿಗೆ ಕೇಳುವ ಪ್ರಶ್ನೆ ‘ಮನೆಯ ಹತ್ತಿರ ಯಾರಾದರೂ ಹೆಂಗಸು ನಿಮ್ಮನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಾಳಾ?’ ಯಾರ ಮನೆಯ ಹತ್ತಿರ ಅಂಥವರೊಬ್ಬರು ಇರುವುದಿಲ್ಲ! ಹೊಸಿಲ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರಂತೂ ಮುಗಿಯಿತು. ಕರ್ನಾಟಕದಲ್ಲಿ ಅಮಾನವೀಯ ಆಚರಣೆ, ವಾಮಾಚಾರ ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದ್ದರೂ ಜ್ಯೋತಿಷ್ಯ, ವಾಸ್ತುವನ್ನು ಅದು ಮುಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ಇವರೂ ತಂದಿಡುವವರೇ, ಶುಲ್ಕ ಪಡೆದು ತಂದಿಡುವವರು. ಹೊಟ್ಟೆಕಿಚ್ಚಿನ ನೆರೆಯಾಕೆ ಇಲ್ಲದ ಕಡೆಯೂ ಒಬ್ಬಳನ್ನು ಹುಟ್ಟಿಸಿ ಕೊಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ‘ನಮ್ಮ ಮನೆ ವಿಷಯಕ್ಕೆ ಯಾರೂ ಬರಬಾರದು’ ಎಂದು ಬಾಗಿಲು ಹಾಕಿಕೊಳ್ಳುವವರಿಗೆ ಖುಷಿಯಾದೀತು. ಅಲ್ಲಿಯೇ ಎಚ್ಚರ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 44ರಷ್ಟು ಜನ ಗಂಡನಿಂದ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದವರು. ದೊಡ್ಡ ರಾಜ್ಯಗಳಲ್ಲಿ ಇಷ್ಟು ಕೆಟ್ಟ ಅಂಕಿ ಇನ್ನೊಂದಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹೇಳಿ ನೆರೆಯವರು ಟೀವಿ ಸದ್ದು ಜಾಸ್ತಿ ಮಾಡಿಕೊಂಡ ಮನೆಗಳೂ ಆ ಅಂಕಿಯೊಳಗಿವೆ. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯ 4ನೇ ಸೆಕ್ಷನ್ ನೆರೆಯವರನ್ನೇ ನೆಚ್ಚಿಕೊಂಡಿದೆ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಸಿವಿಲ್, ಕ್ರಿಮಿನಲ್ ಹೊಣೆಯೂ ಬರುವುದಿಲ್ಲ. ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ನಡೆಸಿದ ‘ಬೆಲ್ ಬಜಾವೋ’ ಪ್ರಚಾರ ಹೇಳಿದ್ದೂ ಇದನ್ನೇ. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಹೋಗಿ ಗಂಟೆ ಒತ್ತು, ಒಂದು ಲೋಟ ಹಾಲು ಬೇಕಿತ್ತು ಅನ್ನು, ಏನಾದರೂ ಅನ್ನು, ಸುಮ್ಮನಿರಬೇಡ.

ನೋಡಿ, ಅಲ್ಲೂ ಬಟ್ಟಲು ಹಿಡಿದು ಬರುವ ನೆರೆಯವರೇ. ತಂದಿಡುವವರಿಗೂ ಇವರಿಗೂ ವ್ಯತ್ಯಾಸ ಮಾತಿನ ಹುರುಳಿನಲ್ಲಿಲ್ಲ. ‘ನಿನ್ನ ಗಂಡ ನಿನಗೆ ಸುಳ್ಳು ಹೇಳುತ್ತಿದ್ದಾನೆ’ ಎಂದು ಹಿತ ಬಯಸುವವರೂ ಹೇಳಬೇಕಾದ ಸಂದರ್ಭ ಬರುತ್ತದೆ. ಹೆಸರು ಬಚ್ಚಿಡುವುದರಲ್ಲಿಯೂ ವ್ಯತ್ಯಾಸವಿಲ್ಲ, ಹೊಡೆಯುವ ಗಂಡನ ಬಗ್ಗೆ ದೂರು ಕೊಟ್ಟವರು ಹೆಸರು ಹೇಳಬೇಡಿ ಎನ್ನಲೇಬೇಕಾಗುತ್ತದೆ. ಆದರೆ ಅವರು ಒಬ್ಬರ ಬೆನ್ನಿಗೆ ನಿಂತಿರುತ್ತಾರೆ. ಇಬ್ಬರ ಕಿವಿಗೂ ಬೇರೆ ಬೇರೆ ಮಾತು ಹಾಕಿ, ಇಬ್ಬರಿಗೂ ‘ನಾನು ನಿನ್ನ ಕಡೆ’ ಎಂದಿರುವುದಿಲ್ಲ.

ಈ ಲೆಕ್ಕಕ್ಕೆ ಸಿಗದ ಒಬ್ಬರಿದ್ದಾರೆ, ಮಧ್ಯಸ್ಥಗಾರರು. ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಶುರುವಾದ ಬೆಂಗಳೂರು ಮೀಡಿಯೇಷನ್ ಸೆಂಟರಿಗೆ ಕೌಟುಂಬಿಕ ನ್ಯಾಯಾಲಯದಿಂದ ಬರುವ ದಂಪತಿಗಳನ್ನು ಅವರು ಮೊದಲು ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ‘ನೀವು ಬೇಡ ಎಂದದ್ದನ್ನು ಅವರಿಗೆ ಹೇಳುವುದಿಲ್ಲ’ ಎಂದೂ ಮಾತು ಕೊಡುತ್ತಾರೆ. ಎರಡು ಕಿವಿ, ನಡುವೆ ಒಬ್ಬರು, ಗುಟ್ಟಿನ ಕರಾರು. ನಮ್ಮ ಕೊನೆ ಮನೆಯಾಕೆಯ ಸಾಮಾನೆಲ್ಲ ಇಲ್ಲೂ ಇದೆ. ಬೇರೆಯಾಗುವುದು ಇಷ್ಟೇ: ಮಧ್ಯಸ್ಥಗಾರರು ಇನ್ನೊಬ್ಬರ ಹತ್ತಿರವೂ ಕೂತಿದ್ದರು ಎನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರ ಸೇರುತ್ತದೆ. ಅಲ್ಲಿ ಇಷ್ಟೂ ಮುಚ್ಚುಮರೆ ಇಲ್ಲ, ಹೇಳುವುದೆಲ್ಲ ಜನರೆದುರಿಗೇ. ಸಂಸಾರದ ಸೂಕ್ಷ್ಮಗಳನ್ನು ಹಾಗೆ ಸಭೆಯಲ್ಲಿ ಬಿಚ್ಚಿಡುವುದು ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಎದುರಿಗೆ ಹತ್ತು ಜನ ಕೂತಾಗ ಚಾಡಿಯ ಅರ್ಧ ಜೀವ ಹೋಗಿಬಿಡುತ್ತದೆ ಎನ್ನುವುದೂ ನಿಜ. ಬೆಂಗಳೂರಿನ ಪೊಲೀಸ್ ಆಯುಕ್ತರ ಕಚೇರಿಯ ವನಿತಾ ಸಹಾಯವಾಣಿ, ಜಿಲ್ಲೆಗಳ ಸಾಂತ್ವನ ಕೇಂದ್ರಗಳಲ್ಲಿಯೂ ಆಪ್ತಸಮಾಲೋಚನೆ ಸಿಗುತ್ತದೆ. ಲೋಕ ಅದಾಲತ್ತಿನಲ್ಲಿ ಒಂದಾದ ದಂಪತಿ ನ್ಯಾಯಾಧೀಶರ ಮುಂದೆ ಹಾರ ಬದಲಾಯಿಸಿಕೊಳ್ಳುವ ಫೋಟೊ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಆರು ತಿಂಗಳ ನಂತರದ ಫೋಟೊ ಯಾರೂ ಹಾಕುವುದಿಲ್ಲ, ಇರಲಿ.

ಚಾಮರಾಜಪೇಟೆಯ ವಠಾರಕ್ಕೆ ಇವರಾರೂ ಬರಲಿಲ್ಲ. ಒಂದು ಸಂಜೆ ಆಫೀಸಿನಲ್ಲಿ ಯಾರೋ ತೀರಿಕೊಂಡರೆಂದು ದೊಡ್ಡಪ್ಪ ಬೇಗ ಮನೆಗೆ ಬಂದಿದ್ದರು. ಒಳಕೋಣೆಯಲ್ಲಿ ಮಲಗಿದ್ದರು. ಐದೂವರೆಗೆ ಬಟ್ಟಲು ಬಂತು. ಆಕೆ ಅಡುಗೆಮನೆಯ ಹೊಸಿಲಲ್ಲಿ ಕೂತು, ಈ ತಿಂಗಳೂ ಮನಿಯಾರ್ಡರ್ ಹೋಯಿತಂತೆ ಎಂದು ಶುರುಮಾಡಿದರು. ದೊಡ್ಡಮ್ಮ ಮೊಸರಿನ ಚಮಚ ಹಿಡಿದವರು ಹಾಗೇ ನಿಂತು, ತಿಂಗಳ ಮೇಲೆ ಮೊದಲ ಸಲ ಗಂಡನನ್ನು ನೇರ ಕೂಗಿದರು. ‘ರೀ, ಸ್ವಲ್ಪ ಬನ್ನಿ ಇಲ್ಲಿ.’ ದೊಡ್ಡಪ್ಪ ಬನಿಯನ್ನಿನಲ್ಲೇ ಎದ್ದು ಬಂದರು. ‘ಈಗ ಹೇಳಿದ್ರಲ್ಲ, ಅದನ್ನ ಇವರೆದುರಿಗೂ ಒಂದ್ಸಲ ಹೇಳಿ’ ಎಂದರು ದೊಡ್ಡಮ್ಮ.

‘ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ’ ಎಂದು ಆಕೆ ಎದ್ದರು. ಬಟ್ಟಲು ಅಲ್ಲೇ ಉಳಿಯಿತು.

ಆ ರಾತ್ರಿ ಒಳಕೋಣೆಯಲ್ಲಿ ಬಹಳ ಹೊತ್ತು ಮಾತು ನಡೆಯಿತು, ನಡುವೆ ದನಿಯೂ ಏರಿತು. ತಂಗಿಗೆ ಹಣ ಕಳಿಸುವುದು ಆಮೇಲೂ ನಿಲ್ಲಲಿಲ್ಲ, ಫಾರಂ ತುಂಬುವ ಕೆಲಸ ಮಾತ್ರ ದೊಡ್ಡಮ್ಮನಿಗೆ ಬಂತು. ಬೆಳಿಗ್ಗೆ ಅವರು ಬಟ್ಟಲು ತೊಳೆದರು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂದು ಅದರ ತುಂಬ ಗಟ್ಟಿ ಮೊಸರು ಹಾಕಿ, ಕೊನೆ ಮನೆಗೆ ಕೊಟ್ಟು ಬಾ ಎಂದು ನನ್ನ ಕೈಯಲ್ಲಿಟ್ಟರು.